ಆ ದೋಣಿ ನಡೆಸೋನು ಯಾರು?

ಹೋದ ಮೇ ತಿಂಗಳ ಕೊನೆಯ ವಾರ. ದಾವಣಗೆರೆಯಲ್ಲಿ ನಾವು ನಾಲ್ಕು ಜನ ಗೆಳೆಯರು ಚಹಾ ಕುಡಿಯುತ್ತಾ ಕೂತಿದ್ದಾಗ ಒಬ್ಬನ ಮೊಬೈಲಿಗೆ ಜಾಹೀರಾತು ಬಂತು. ಸಮುದ್ರದಲ್ಲಿ ಟ್ಯೂನಾ ಮೀನು ಹಿಡಿಯುವ ಒಂದು ದಿನದ ಟ್ರಿಪ್. ದೋಣಿ, ಗಾಳ, ಗೈಡ್, ಊಟ ಎಲ್ಲ ಅವರದೇ. ಜೂನ್ ಮೂರನೇ ವಾರಕ್ಕೆ ನಾಲ್ಕೇ ಸೀಟು ಉಳಿದಿವೆ, ಅರ್ಧ ದುಡ್ಡು ಈಗಲೇ ಹಾಕಬೇಕು ಎಂದಿತ್ತು. ಗೆಳೆಯ ಫೋನ್‌ಪೇ ತೆರೆದೇಬಿಟ್ಟಿದ್ದ. ಸಂಜೆ ಹರಿಹರದಲ್ಲಿ ಬೇರೆ ಕೆಲಸ ಇತ್ತು, ಬಂದ ಮೇಲೆ ಹಾಕಿದರಾಯಿತು ಅಂತ ಹೊರಟೆವು.

ಹರಿಹರದಲ್ಲಿ ಕೆಲಸ ಮುಗಿಸಿ ಹೊಳೆ ಕಡೆ ಇಳಿದೆವು. ದಡದಲ್ಲಿ ಅಜ್ಜ ಒಬ್ಬರು ಹರಿದ ಬಲೆ ಹೊಲಿಯುತ್ತಾ ಕೂತಿದ್ದರು. ಪಕ್ಕದಲ್ಲಿ ಹರಿಗೋಲು ಬೋರಲು ಹಾಕಿತ್ತು. ಮಾತಿಗೆ ಮಾತು ಬಂದು ಗೆಳೆಯ ಟ್ಯೂನಾ ವಿಷಯ ತೆಗೆದ.

‘ಯಾವಾಗ ಹೊಂಟೀರಿ?’ ಅಂದರು ಅಜ್ಜ.

‘ಜೂನ್‌ನಾಗ ಅಜ್ಜ.’

‘ಮಳೆಗಾಲದಾಗ ಕಡಲಿಗೆ ಯಾರು ಇಳಿತಾರಪ್ಪ? ಹೋಗ್ಲಿ, ಆ ದೋಣಿ ನಡೆಸೋನು ಯಾರು?’

‘ಫೋನ್ ನಂಬರ್ ಐತಿ.’

‘ನಂಬರ್ ಇರ್ಲಿ. ನಡೆಸೋನು ಯಾರು? ಯಾವ ಊರೋನು?’

ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ದುಡ್ಡು ಎಷ್ಟು, ಊಟ ಏನು, ಫೋಟೋ ತೆಗೆದುಕೊಡುತ್ತಾರಾ ಎಂದೆಲ್ಲ ಕೇಳಿದ್ದೆವು. ಜೀವ ಯಾರ ಕೈಯಲ್ಲಿ ಇಡುತ್ತೇವೆ ಎಂದು ಮಾತ್ರ ಕೇಳಿರಲಿಲ್ಲ. ಅಜ್ಜನ ಪ್ರಶ್ನೆ ಹಿಡಿದುಕೊಂಡು ನಾವು ಸ್ವಲ್ಪ ಹಿಂದಕ್ಕೆ ಹೋಗಿ ಓದಿದೆವು. ಖುಷಿಗಾಗಿ ಮೀನು ಹಿಡಿಯುವ ಆಟಕ್ಕೆ ನಮ್ಮ ನಾಡಿನಲ್ಲಿ ಸುಮಾರು 900 ವರ್ಷದ ಇತಿಹಾಸ ಸಿಗುತ್ತದೆ. ಅದರ ಉದ್ದಕ್ಕೂ ಆಟ ಆಡಿದವರ ಹೆಸರು ಉಳಿದಿದೆ, ದೋಣಿ ನಡೆಸಿದವರ ಹೆಸರು ಹೆಚ್ಚಿನ ಕಡೆ ಉಳಿದಿಲ್ಲ.

ರಾಜನ ಗಾಳ

ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1126ರ ಹೊತ್ತಿಗೆ ಪಟ್ಟಕ್ಕೆ ಬಂದ. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಅವನ ರಾಜಧಾನಿ. ನಮ್ಮ ಸೀಮೆಯೂ ಅವನಿಗೇ ಸೇರಿತ್ತು. ದಾವಣಗೆರೆಗೆ ಹತ್ತಿರದ ಉಚ್ಚಂಗಿದುರ್ಗದಲ್ಲಿ ಆಳುತ್ತಿದ್ದ ಪಾಂಡ್ಯರು ಚಾಲುಕ್ಯರ ಸಾಮಂತರು.

ಈ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ದೊಡ್ಡ ಗ್ರಂಥ ಬರೆದ. ಐದು ಭಾಗ, ಒಂದೊಂದರಲ್ಲಿ 20 ಅಧ್ಯಾಯ. ಅಡುಗೆ, ಆನೆ, ಸಂಗೀತ, ಆಟ ಎಲ್ಲವೂ ಅದರಲ್ಲಿದೆ. ಅದರಲ್ಲೇ ‘ಮತ್ಸ್ಯವಿನೋದ’ ಎಂಬ ಅಧ್ಯಾಯವೂ ಇದೆ. ಗಾಳ ಹಾಕಿ ಮೀನು ಹಿಡಿಯುವುದು ರಾಜನಿಗೆ ಹೇಗೆ ವಿನೋದ ಎಂಬುದೇ ಅದರ ವಿಷಯ. ಸಮುದ್ರದ ಮೀನು ಯಾವುದು, ಹೊಳೆಯ ಮೀನು ಯಾವುದು, ಹುರುಪೆ ಇರುವುದು ಯಾವುದು, ಇಲ್ಲದ್ದು ಯಾವುದು, ಯಾವ ಮೀನಿಗೆ ಯಾವ ತಿನಿಸು ಹಾಕಿ ಒಂದೆಡೆ ರೂಢಿ ಮಾಡಿಸಬೇಕು, ಕೋಲು ಮತ್ತು ದಾರ ಹೇಗಿರಬೇಕು ಎಂದೆಲ್ಲ ವಿವರ ಇದೆ. ಮೀನು ವಿಜ್ಞಾನಿ ಸುಂದರ್‌ಲಾಲ್ ಹೋರಾ ಈ ಅಧ್ಯಾಯದ ಬಗ್ಗೆ 1951ರಲ್ಲಿ ಲೇಖನ ಬರೆದು ಲೋಕದ ಗಮನ ಸೆಳೆದರು.

ಇದನ್ನು ಓದುವಾಗ ನಮಗೆ ಒಂದು ವಿಷಯ ಹೊಳೆಯಿತು. ಯಾವ ಮೀನು ಯಾವ ಮಡುವಿನಲ್ಲಿ ಇರುತ್ತದೆ, ಏನು ತಿನ್ನುತ್ತದೆ ಎಂಬುದು ಅರಮನೆಯಲ್ಲಿ ಕೂತವರಿಗೆ ತಾನಾಗಿ ತಿಳಿಯುವ ಸಂಗತಿ ಅಲ್ಲ. ದಿನವೂ ನೀರಿನಲ್ಲಿ ಇರುವವರು ಹೇಳಿರಬೇಕು. ಗ್ರಂಥಕ್ಕೆ ದೊರೆಯ ಹೆಸರು ಬಂತು.

ಅದೇ ಶತಮಾನದಲ್ಲಿ, ಅದೇ ಕಲ್ಯಾಣದ ಶರಣರ ನಡುವೆ, ಒಬ್ಬ ದೋಣಿಗಾರನ ಹೆಸರು ಮಾತ್ರ ಗಟ್ಟಿಯಾಗಿ ಉಳಿಯಿತು. ಅಂಬಿಗರ ಚೌಡಯ್ಯ. ಅವರ ನೆನಪಿನ ಊರು ಚೌಡಯ್ಯದಾನಪುರ ಇರುವುದು ಹರಿಹರದಿಂದ ಕೆಳಗೆ, ಇದೇ ತುಂಗಭದ್ರೆಯ ದಡದಲ್ಲಿ, ರಾಣೆಬೆನ್ನೂರು ತಾಲ್ಲೂಕಿನಲ್ಲಿ. ಬೇರೆ ಯಾರೋ ಅವರ ಬಗ್ಗೆ ಬರೆದರು ಅಂತ ಆ ಹೆಸರು ಉಳಿದಿಲ್ಲ. ಅವರು ತಾವೇ ಬಾಯಿಬಿಟ್ಟು ವಚನ ಹೇಳಿದರು, ಅದಕ್ಕೆ ಉಳಿದಿದೆ.

ಸೇತುವೆಗೆ ಮುಂಚೆ

ಹರಿಹರದ ಹರಿಹರೇಶ್ವರ ಗುಡಿಯನ್ನು ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ. ಅಲ್ಲಿಂದ ಆರು ನೂರು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಹೊಳೆಗೆ ಈಗಿನಂಥ ಸೇತುವೆ ಇರಲಿಲ್ಲ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯ ಸೇತುವೆ ಮುಗಿದದ್ದು 1868ರಲ್ಲಿ. ಕಲ್ಲು, ಇಟ್ಟಿಗೆಯ 14 ಕಮಾನು, ಒಂದೊಂದು 60 ಅಡಿ ಅಗಲ. ಆಗಿನ ಲೆಕ್ಕದಲ್ಲಿ ಖರ್ಚು ಸುಮಾರು 3 ಲಕ್ಷ ರೂಪಾಯಿ.

ಅದಕ್ಕೂ ಮುಂಚೆ ಹೊಳೆ ತುಂಬಿದಾಗ ದಾಟಬೇಕಾದರೆ ಅಂಬಿಗನೇ ಗತಿ. ಬಿದಿರಿನ ಹೆಣಿಗೆ, ಮೇಲೆ ಚರ್ಮದ ಹೊದಿಕೆ, ಬುಟ್ಟಿಯಂಥ ಹರಿಗೋಲು. ಅದಕ್ಕೆ ಮುಂದೆ ಹಿಂದೆ ಇಲ್ಲ, ಹುಟ್ಟು ಹಾಕಲು ಗೊತ್ತಿಲ್ಲದವನು ಕೂತರೆ ಕೂತಲ್ಲೇ ಗಿರಗಿರ ತಿರುಗುತ್ತದೆ. ದಾಟುವವನು ಅಂಬಿಗನ ಮುಖ ನೋಡಿ, ಮಾತಾಡಿ, ಆಮೇಲೆ ಕೂರುತ್ತಿದ್ದ. ‘ಇವತ್ತು ಹೊಳೆ ಸರಿ ಇಲ್ಲ, ಬ್ಯಾಡ’ ಅಂತ ಅಂಬಿಗ ಅಂದರೆ ದಡದಲ್ಲೇ ಉಳಿಯಬೇಕಿತ್ತು.

ದೋಣಿ ಬಾಡಿಗೆ ಹಿಡಿಯುವುದು ಅಂದರೆ ಮೊದಲು ಇದೇ ಆಗಿತ್ತು. ನಡೆಸುವವನು ಎದುರಿಗೇ ಇರುತ್ತಿದ್ದ. ಈಗ ಅವನಿಗೂ ನಮಗೂ ನಡುವೆ ಮೊಬೈಲ್ ಪರದೆ ಬಂದಿದೆ.

ಮಂಗಳೂರಿನ ಕಲೆಕ್ಟರ್, ಅಮೆರಿಕದ ಟ್ಯೂನಾ

ಹರಿಹರದ ಸೇತುವೆ ಮುಗಿದ ಕಾಲಕ್ಕೇ ಕರಾವಳಿಯಲ್ಲಿ ಒಬ್ಬ ಬ್ರಿಟಿಷ್ ಅಧಿಕಾರಿ ಮೀನಿನ ಹುಚ್ಚು ಹಿಡಿಸಿಕೊಂಡಿದ್ದ. ಎಚ್.ಎಸ್. ಥಾಮಸ್, ದಕ್ಷಿಣ ಕನ್ನಡದ ಕಲೆಕ್ಟರ್. ಅಲ್ಲಿನ ಹೊಳೆಗಳ ಮೀನು ಸಾಕಣೆ ಬಗ್ಗೆ ಅವನು ಕೊಟ್ಟ ವರದಿ 1870ರಲ್ಲಿ ಅಚ್ಚಾಯಿತು. 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಮಂಗಳೂರಿನಲ್ಲೇ ಹೊರಬಂತು. ಭಾರತದಲ್ಲಿ ಗಾಳದ ಆಟ ಆಡುವವರಿಗೆ ಅದು ಬಹಳ ಕಾಲ ಕೈಪಿಡಿ. ನಮ್ಮ ಹೊಳೆಗಳ ಬಿಳಿಮೀನು, ಅಂದರೆ ಮಹಶೀರ್, ಇಂಗ್ಲೆಂಡಿನ ಸಾಲ್ಮನ್‌ಗಿಂತ ಹೆಚ್ಚು ಸೆಣಸುತ್ತದೆ ಎಂದು ಅವನು ಹೊಗಳಿದ.

ಹೊಳೆಗೆ ವಿಷ ಹಾಕಿ ಮೀನು ಹಿಡಿಯುವುದನ್ನು, ಮರಿಗಳನ್ನೂ ಬಿಡದೆ ಬಾಚುವುದನ್ನು ನಿಲ್ಲಿಸಬೇಕೆಂದು ಥಾಮಸ್‌ನಂಥವರು ವಾದಿಸಿದರು. ಕಡೆಗೆ 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ನೀರಿಗೆ ಸಿಡಿಮದ್ದು, ವಿಷ ಹಾಕುವುದು ಅಪರಾಧವಾಯಿತು.

ಟ್ಯೂನಾ ಆಟ ಶುರುವಾದದ್ದೂ ಸರಿಸುಮಾರು ಆಗಲೇ, ಆದರೆ ದೂರದ ಅಮೆರಿಕದಲ್ಲಿ. ಕ್ಯಾಲಿಫೋರ್ನಿಯಾದ ಕರಾವಳಿಯ ಎದುರಿಗೆ ಕ್ಯಾಟಲಿನಾ ಎಂಬ ದ್ವೀಪ ಇದೆ. 1898ರ ಜೂನ್‌ನಲ್ಲಿ ಚಾರ್ಲ್ಸ್ ಹೋಲ್ಡರ್ ಎಂಬ ಲೇಖಕ ಅಲ್ಲಿ ಕೋಲು, ರೀಲು ಹಿಡಿದು 183 ಪೌಂಡ್ ತೂಕದ ಟ್ಯೂನಾ ಎಳೆದ. ನಮ್ಮ ಲೆಕ್ಕದಲ್ಲಿ ಸುಮಾರು 83 ಕಿಲೋ. ಮೀನು ದೋಣಿಯನ್ನೇ ಮೈಲಿಗಟ್ಟಲೆ ಎಳೆದುಕೊಂಡು ಹೋಯಿತು. ಅದೇ ವರ್ಷ ಅಲ್ಲಿ ‘ಟ್ಯೂನಾ ಕ್ಲಬ್’ ಹುಟ್ಟಿತು. ಶ್ರೀಮಂತರು ಬಂದರು, ದ್ವೀಪದ ದೋಣಿಗಾರರು ದಿನದ ಬಾಡಿಗೆಗೆ ಅವರನ್ನು ಕರೆದುಕೊಂಡು ಹೋದರು. ಇವತ್ತು ಜಾಹೀರಾತಿನಲ್ಲಿ ಕಾಣುವ ಟ್ಯೂನಾ ಟ್ರಿಪ್ಪಿನ ಬೇರು ಅಲ್ಲಿದೆ. ಹೋಲ್ಡರ್ ಕೈಯಲ್ಲಿ ಕೋಲು ಇದ್ದಷ್ಟು ಹೊತ್ತೂ ದೋಣಿ ಇನ್ನೊಬ್ಬನ ಕೈಯಲ್ಲಿತ್ತು. ದಾಖಲೆ ಮಾತ್ರ ಕೋಲು ಹಿಡಿದವನದು.

ರಾಗಿ ಮುದ್ದೆಯ ಎರೆ

ನಮ್ಮ ರಾಜ್ಯದಲ್ಲಿ ಈ ಆಟ ಬೆಳೆದದ್ದು ಕಡಲಿಗಿಂತ ಹೆಚ್ಚಾಗಿ ಕಾವೇರಿ ಕಣಿವೆಯಲ್ಲಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಬಿಳಿಮೀನು ಹಿಡಿದರು. 54 ಕಿಲೋ, ಒಂದು ಚೀಲ ಸಿಮೆಂಟಿಗಿಂತ ಜಾಸ್ತಿ. ಸತ್ತ ಪ್ರಾಣಿಗಳನ್ನು ಜೀವ ಇರುವಂತೆ ಮಾಡಿ ನಿಲ್ಲಿಸುವ ಕೆಲಸಕ್ಕೆ ಹೆಸರಾದ ಮನೆತನ ಅದು.

ಆಮೇಲೆ ಇಷ್ಟು ದೊಡ್ಡ ಮೀನು ಇನ್ನು ಉಳಿದಿಲ್ಲವೇನೋ ಎಂಬಂತಾಗಿತ್ತು. 1978ರ ಹೊತ್ತಿಗೆ ಇಂಗ್ಲೆಂಡಿನ ಮೂವರು ಯುವಕರು ಕಾವೇರಿಗೆ ಬಂದು ಮತ್ತೆ ದೊಡ್ಡ ಬಿಳಿಮೀನು ಹಿಡಿದು ಸುದ್ದಿ ಮಾಡಿದರು. 1972ರಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ಹೊಳೆಯ ಒಂದು ಭಾಗ ಗುತ್ತಿಗೆಗೆ ಹಿಡಿದು ಕಾಯತೊಡಗಿತು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯಲ್ಲಿ ಶಿಬಿರ ನಡೆಸಿತು. ವಿದೇಶದವರು ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಿ ಬಂದರು.

ಅಲ್ಲಿ ಗೈಡ್ ಆದವರು ಯಾರು ಗೊತ್ತೇ? ಸುತ್ತಲ ಹಳ್ಳಿಯವರು. ಕೆಲವರು ಮೊದಲು ಹೊಳೆಗೆ ಸಿಡಿಮದ್ದು ಎಸೆದು ಮೀನು ಹಿಡಿಯುತ್ತಿದ್ದವರೇ. ಯಾವ ಬಂಡೆ ಹಿಂದೆ ಮೀನು ಮಲಗುತ್ತದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಹರಿಗೋಲು ನಡೆಸುತ್ತಿದ್ದರು, ರಾಗಿ ಹಿಟ್ಟು ಬೇಯಿಸಿ ಮುದ್ದೆ ಮಾಡಿ ಗಾಳಕ್ಕೆ ಕಟ್ಟುತ್ತಿದ್ದರು. ಮೀನು ಸಿಕ್ಕರೆ ತೂಗಿ, ಫೋಟೋ ತೆಗೆಸಿ, ವಾಪಸ್ ನೀರಿಗೆ ಬಿಡಬೇಕು ಎಂಬ ನಿಯಮ ಇತ್ತು. ಮೀನನ್ನು ಕೊಂದರೆ ಒಂದು ಹೊತ್ತಿನ ಸಂತೆ ದುಡ್ಡು. ಬಿಟ್ಟರೆ ಮುಂದಿನ ವರ್ಷವೂ ಕೂಲಿ. ಈ ಲೆಕ್ಕ ಹಳ್ಳಿಯವರಿಗೆ ಬೇಗ ಅರ್ಥವಾಯಿತು.

ಶಿಬಿರದಲ್ಲಿ ಹಿಡಿದ ಮೀನಿನ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಗಾಲಿಬೋರೆಯಲ್ಲಿ 1998ರಿಂದ 2012ರವರೆಗಿನ ಆ ಲೆಕ್ಕವನ್ನು ಮುಂದೆ ವಿಜ್ಞಾನಿಗಳು ಕೂತು ನೋಡಿದರು. ಹೊರಗಿನಿಂದ ಮರಿ ತಂದು ಬಿಟ್ಟ ನೀಲಿ ರೆಕ್ಕೆಯ ಬಿಳಿಮೀನು ಹೆಚ್ಚುತ್ತಾ ಹೋಗಿದೆ, ಕಾವೇರಿಯದೇ ಆದ ಡುಬ್ಬದ ಬಿಳಿಮೀನು ಕಡಿಮೆಯಾಗುತ್ತಾ ಬಂದಿದೆ ಎಂದು ಗೊತ್ತಾಯಿತು. 2018ರಲ್ಲಿ ಆ ಡುಬ್ಬದ ಮೀನಿನ ವೈಜ್ಞಾನಿಕ ಹೆಸರು ‘ಟಾರ್ ರೆಮಾದೇವಿ’ ಎಂದು ಖಚಿತವಾಯಿತು. ಅದೇ ವರ್ಷ ಅಳಿವಿನ ಅಂಚಿನ ಜೀವಿಗಳ ಜಾಗತಿಕ ಪಟ್ಟಿಗೂ ಸೇರಿತು. ಹರಿಗೋಲಿನಲ್ಲಿ ಕೂತು ಮೀನು ತೂಗಿದ ಕೈಗಳಿಲ್ಲದೆ ಈ ಲೆಕ್ಕ ಸಿಗುತ್ತಿರಲಿಲ್ಲ.

ಆ ಹೊಳೆಯ ಭಾಗ ಕಾವೇರಿ ವನ್ಯಜೀವಿಧಾಮದ ಒಳಗೆ ಬರುತ್ತದೆ. ವನ್ಯಜೀವಿ ಕಾಯ್ದೆ ಪ್ರಕಾರ ಅಲ್ಲಿ ಗಾಳದ ಆಟ ನಡೆಯಬಾರದು ಎಂದು 2010ರ ನಂತರದ ವರ್ಷಗಳಲ್ಲಿ ಅದು ನಿಂತಿತು. ಕಾನೂನು ಕಾನೂನೇ. ಆದರೆ ಶಿಬಿರ ನಿಂತಾಗ ಹಳ್ಳಿಯ ಗೈಡುಗಳ ಕೆಲಸವೂ ನಿಂತಿತು.

ಇದಕ್ಕೆ ಎದುರಾಗಿ ಯಾರೂ ಬುಕ್ ಮಾಡದ ಮೀನುಗಳೂ ನಮ್ಮಲ್ಲಿವೆ. ಶೃಂಗೇರಿಯಲ್ಲಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ ತುಂಗೆಯ ಮೀನನ್ನು ದೇವರ ಮೀನು ಎಂದು ಕಾಪಾಡುತ್ತಾರೆ. ಅದೇ ತುಂಗೆಯ ನೀರು ಕೂಡಲಿಯಲ್ಲಿ ಭದ್ರೆಯನ್ನು ಕೂಡಿ ಹರಿಹರಕ್ಕೆ ಬರುತ್ತದೆ.

ಕಡಲಿಗೆ ಹೋಗುವ ಮುಂಚೆ

ಈಗ ಟ್ಯೂನಾ ಮಾತು. ನಮ್ಮ ಕರಾವಳಿಯಲ್ಲಿ ಇದಕ್ಕೆ ಕೇದರ ಎಂಬ ಹೆಸರೂ ಇದೆ. ಗುಂಪಿನಲ್ಲಿ ಓಡಾಡುವ, ಬಹಳ ವೇಗದ ಮೀನು. ಬಯಲುಸೀಮೆಯ ನಮಗೆ ಇದು ಹೊಸದು, ಆದರೆ ಕನ್ನಡ ನಾಡಿಗೆ ಹೊಸದಲ್ಲ. ಲಕ್ಷದ್ವೀಪದ ಉತ್ತರದ ದ್ವೀಪಗಳು, ಅಂದರೆ ಅಮಿನಿ, ಕಡಮತ್, ಕಿಲ್ತಾನ್ ಮುಂತಾದವು, 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಮಂಗಳೂರಿನ ಕಲೆಕ್ಟರೇ ಅವುಗಳಿಗೂ ಕಲೆಕ್ಟರ್.

ಅದೇ ಲಕ್ಷದ್ವೀಪದ ದಕ್ಷಿಣ ತುದಿಯ ಮಿನಿಕಾಯ್‌ನವರು ಕೋಲಿನಿಂದ ಟ್ಯೂನಾ ಹಿಡಿಯುವುದರಲ್ಲಿ ನಿಪುಣರು. ಜೀವಂತ ಸಣ್ಣ ಮೀನನ್ನು ನೀರಿಗೆ ಎರಚುತ್ತಾರೆ, ದೋಣಿಯಿಂದ ನೀರು ಚಿಮುಕಿಸುತ್ತಾರೆ. ಟ್ಯೂನಾ ಗುಂಪು ಮುತ್ತಿದಾಗ ಮುಳ್ಳಿಲ್ಲದ ಗಾಳದಿಂದ ಒಂದೊಂದಾಗಿ ಎತ್ತಿ ಹಿಂದಕ್ಕೆ ಎಸೆಯುತ್ತಾರೆ. ತಿನಿಸು ಹಾಕಿ ಮೀನನ್ನು ಒಂದೆಡೆ ಸೇರಿಸುವ ಮಾತು ಸೋಮೇಶ್ವರನ ಗ್ರಂಥದಲ್ಲೂ ಇತ್ತಲ್ಲ, ನೆನಪಿಸಿಕೊಳ್ಳಿ.

ಟ್ರಿಪ್ಪಿನಲ್ಲಿ ಹೀಗೆ ಮಾಡುವುದಿಲ್ಲ. ದೋಣಿ ಓಡುತ್ತಿರುವಾಗ ಹಿಂದೆ ಬಣ್ಣದ ನಕಲಿ ಮೀನು ಕಟ್ಟಿ ಎಳೆಯುತ್ತಾರೆ. ಹಕ್ಕಿಗಳು ಎಲ್ಲಿ ಮುಳುಗೇಳುತ್ತಿವೆ, ನೀರಿನ ಬಣ್ಣ ಎಲ್ಲಿ ಬದಲಾಗಿದೆ ಎಂದು ನೋಡಿ ದೋಣಿ ತಿರುಗಿಸುವವನು ಚಾಲಕ. ದಡ ಕಾಣದಷ್ಟು ದೂರ ಹೋದ ಮೇಲೆ ಗಾಳಿ ಎದ್ದರೆ ಯಾವಾಗ ವಾಪಸ್ ತಿರುಗಬೇಕು ಎಂದು ಹೇಳುವವನೂ ಅವನೇ. ನೀವು ಕೊಡುವ ದುಡ್ಡಿನ ಹೆಚ್ಚಿನ ಭಾಗ ನ್ಯಾಯವಾಗಿ ಈ ತಿಳಿವಳಿಕೆಗೆ ಸಲ್ಲಬೇಕು.

ಅವನ ತಿಳಿವಳಿಕೆ ಇದ್ದರೂ ಕಡಲು ಕಡಲೇ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ 7 ಮೀನುಗಾರರ ಸಮೇತ ಕಾಣೆಯಾಯಿತು. ಅವರೆಲ್ಲ ಕಡಲಿನ ಮಕ್ಕಳು. 2019ರ ಮೇನಲ್ಲಿ ದೋಣಿಯ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಕಡೆ ಸಮುದ್ರದಾಳದಲ್ಲಿ ಸಿಕ್ಕಿತು. ಅದರ ನಡುವೆ, 2019ರ ಜನವರಿ 21ರಂದು, ಕಾರವಾರದ ಕೂರ್ಮಗಡ ಜಾತ್ರೆಗೆ ಜನರನ್ನು ತುಂಬಿಕೊಂಡು ಹೋದ ದೋಣಿ ಮಗುಚಿ 16 ಜನ ಸತ್ತರು. ಸತ್ತವರಲ್ಲಿ ನಮ್ಮಂತೆ ಒಳನಾಡಿನಿಂದ ಹೋದವರೂ ಇದ್ದರು.

ಇನ್ನು ಜೂನ್ ವಿಷಯ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಮೀನು ಹಿಡಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ, ಕಡಲೂ ಒರಟು. ನಾಡದೋಣಿಗಳಿಗೆ ಮಾತ್ರ ಸಣ್ಣ ರಿಯಾಯಿತಿ. ಗೆಳೆಯನಿಗೆ ಬಂದ ಜಾಹೀರಾತಿನ ದಿನ ಸರಿಯಾಗಿ ಈ ನಿಷೇಧದ ನಡುವೆ ಬೀಳುತ್ತಿತ್ತು. ಹರಿಹರದ ಅಜ್ಜ ಕಾಯ್ದೆ ಓದಿದವರಲ್ಲ, ಆದರೆ ಅವರಿಗೆ ಇದು ಗೊತ್ತಿತ್ತು.

ಹಾಗಾದರೆ ಹೋಗಲೇಬಾರದಾ? ಹೋಗಿ. ಮುಂಗಡ ಹಾಕುವ ಮೊದಲು ಇಷ್ಟು ಕೇಳಿ:

ದೋಣಿ ನಡೆಸುವವರು ಯಾರು, ಎಷ್ಟು ವರ್ಷದಿಂದ ಆ ನೀರಿನಲ್ಲಿದ್ದಾರೆ? ಅವರ ಹತ್ತಿರವೇ ಫೋನಿನಲ್ಲಿ ಮಾತಾಡಿ.

ದೋಣಿಗೆ ನೋಂದಣಿ ಇದೆಯೇ, ಪ್ರವಾಸಿಗರನ್ನು ಕರೆದೊಯ್ಯಲು ಅನುಮತಿ ಇದೆಯೇ? ಮೀನುಗಾರಿಕೆ ದೋಣಿಗೆ ಇರುವ ಪರವಾನಗಿ ಜನ ಸಾಗಿಸುವ ಪರವಾನಗಿ ಅಲ್ಲ.

ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇದೆಯೇ? ದೋಣಿಯಲ್ಲಿ ಎಷ್ಟು ಜನ ಕೂರಬಹುದು, ಎಷ್ಟು ಜನರನ್ನು ಕೂರಿಸುತ್ತಾರೆ?

ಹವಾಮಾನ ಕೆಟ್ಟು ಟ್ರಿಪ್ ನಿಂತರೆ ದುಡ್ಡು ವಾಪಸ್ಸೋ, ಬೇರೆ ದಿನವೋ? ಇದನ್ನು ಬರಹದಲ್ಲಿ ಕೇಳಿ. ದುಡ್ಡು ಹೋಗುತ್ತದೆ ಎಂದು ಚಾಲಕನಿಗೆ ಒತ್ತಾಯ ಮಾಡುವ ಸ್ಥಿತಿ ಬರಬಾರದು.

ಹಿಡಿದ ಮೀನು ಯಾರದು? ಟ್ಯೂನಾವನ್ನು ಕೂಡಲೇ ಮಂಜುಗಡ್ಡೆಯಲ್ಲಿ ಇಡದಿದ್ದರೆ ತಿಂದವರಿಗೆ ಮೈ ಕೆಂಪಾಗಿ ತುರಿಕೆ, ವಾಂತಿ ಆಗಬಹುದು. ಆಮೇಲೆ ಬೇಯಿಸಿದರೂ ಆ ನಂಜು ಹೋಗುವುದಿಲ್ಲ.

ನಮ್ಮ ಗೆಳೆಯ ಹರಿಹರದಿಂದಲೇ ಆ ನಂಬರಿಗೆ ಫೋನ್ ಮಾಡಿ ಮೊದಲ ಪ್ರಶ್ನೆ ಕೇಳಿದ. ‘ಅದೆಲ್ಲ ನಿಮಗ್ಯಾಕೆ ಸರ್, ಮೊದಲು ಸೀಟ್ ಬುಕ್ ಮಾಡಿ’ ಎಂಬ ಉತ್ತರ ಬಂತು. ಮಾರನೇ ದಿನ ಮಾಡಿದಾಗ ಫೋನ್ ಸ್ವಿಚ್ ಆಫ್. ದುಡ್ಡು ಉಳಿಯಿತು.

ಅಜ್ಜನಿಗೆ ಹೇಳೋಣ ಅಂತ ವಾರ ಬಿಟ್ಟು ಮತ್ತೆ ಹೋದೆವು. ನಕ್ಕರು. ಹರಿಗೋಲಿನಲ್ಲಿ ಒಂದು ಸುತ್ತು ಕರೆದುಕೊಂಡು ಹೋದರು. ಎಲ್ಲಿ ಕಾಟ್ಲಾ ಸಿಗುತ್ತದೆ, ಬಾಳೆ ಮೀನು ಎಲ್ಲಿ ಅಡಗುತ್ತದೆ ಎಂದು ತೋರಿಸಿದರು. 1980ರ ದಶಕದಲ್ಲಿ ಕಾರ್ಖಾನೆ ನೀರಿನಿಂದ ಹೊಳೆ ಕೆಡುತ್ತಿದೆ ಎಂದು ಇದೇ ಸೀಮೆಯಲ್ಲಿ ಸಮಾಜ ಪರಿವರ್ತನ ಸಮುದಾಯದಂಥ ಸಂಘಟನೆಗಳು ಹೋರಾಟ ಮಾಡಿದ್ದನ್ನು ನಾವು ಓದಿ ತಿಳಿದಿದ್ದೆವು. ಅವರು ಕಣ್ಣಾರೆ ಕಂಡಿದ್ದರು.

ದಡಕ್ಕೆ ಬಂದ ಮೇಲೆ ಕೇಳಿದೆವು, ‘ಇದನ್ನೆಲ್ಲ ಬರೀತೀವಿ ಅಜ್ಜ, ನಿಮ್ಮ ಹೆಸರು ಹಾಕ್ಲಾ?’

‘ನನ್ನ ಹೆಸರು ತಗೊಂಡು ಏನ್ ಮಾಡ್ತೀರಿ? ಬ್ಯಾಸಿಗ್ಯಾಗ ಹೊಳ್ಯಾಗ ನೀರಿಲ್ಲ, ಚರಂಡಿ ನೀರು ಬರ್ತೈತಿ, ಅದನ್ನ ಬರೀರಿ’ ಅಂದರು.

ಅದಕ್ಕೆ ಹೆಸರು ಹಾಕಿಲ್ಲ. ಅವರು ಹೇಳಿದ್ದನ್ನು ಬರೆದಿದ್ದೇವೆ.